ಹಿಂದಿನ ಬಾಗಿಲಿನ ರೈಟ್

ಕಂಡಕ್ಟರ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಈಗ ಟಿಕೆಟ್ ಯಂತ್ರದ ಗುಂಡಿ ಒತ್ತುವುದನ್ನು ಕಲಿಸುತ್ತಾರೆ. ಪ್ರಯಾಣಿಕರ ಜೊತೆ ಹೇಗೆ ಮಾತಾಡಬೇಕು ಎಂದು ಅಚ್ಚು ಹಾಕಿಸಿದ ಹಾಳೆ ಕೊಡುತ್ತಾರೆ. ರೈಟ್ ಹೇಳುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಅದರಲ್ಲಿ ಕಲಿಸುವುದೇನಿದೆ, ಬಾಯಿದ್ದವರು ಯಾರು ಬೇಕಾದರೂ ಹೇಳಬಹುದು ಎಂದು ನಾನೂ ತಿಳಿದಿದ್ದೆ. ಹಾಗೆ ತಿಳಿದದ್ದರಿಂದ ಒಬ್ಬ ಹೆಣ್ಣುಮಗಳ ಕಾಲು ಮುರಿಯಿತು. ಒಬ್ಬ ಡ್ರೈವರನ ನೌಕರಿ ಹೋಗುವುದರಲ್ಲಿತ್ತು. ಅದನ್ನು ಹೊಸದಾಗಿ ಸೇರಿದ ನಿಮಗೆ ಹೇಳಬೇಕೆಂದೇ ಬರೆಯಲು ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದರಿಂದ ನಿಮಗೆ ಉಪಯೋಗವಿಲ್ಲ.

ನಾನು ಬಿ.ಎ. ಪದವೀಧರ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ನಮ್ಮಪ್ಪ ಸವಣೂರಿನಲ್ಲಿ ಬೇರೆಯವರ ಎಲೆಬಳ್ಳಿ ತೋಟದಲ್ಲಿ ಬಳ್ಳಿ ಕಟ್ಟುವ ಆಳು. ನಮ್ಮ ಮನೆತನದಲ್ಲಿ ನಾಲ್ಕನೇ ಇಯತ್ತೆ ದಾಟಿದವನು ನಾನೊಬ್ಬನೇ. ಧಾರವಾಡದಲ್ಲಿ ಬಿಟ್ಟಿ ಊಟದ ಬೋರ್ಡಿಂಗಿನಲ್ಲಿದ್ದು, ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿ, ಮೂರನೇ ಸಲ ಕಡಿದುಕೊಂಡು ಬಂದ ಪದವಿ ಅದು. ಎಪ್ಪತ್ತರ ದಶಕದ ನಡುವೆ ಮಾಸ್ತರಿಕೆಗೆ, ಕಾರಕೂನಿಕೆಗೆ ಅರ್ಜಿ ಹಾಕಿ ಕಾದು, ಕಡೆಗೆ ಸರ್ಕಾರಿ ಬಸ್ಸಿನ ಕಂಡಕ್ಟರನಾದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಊರುಗಳ ನಡುವೆಯೇ ನನ್ನ ಹೆಚ್ಚಿನ ಸರ್ವೀಸು ಮುಗಿಯಿತು.

ಮೊದಲ ವಾರವೇ ಊರಿನ ಹಿರಿಯರೊಬ್ಬರು ಗಾಡಿ ಹತ್ತಿದವರು ಎಲ್ಲರಿಗೂ ಕೇಳುವಂತೆ ಅಂದರು: "ಬಿ.ಎ. ಮಾಡಿ ಟಿಕೀಟ ಹರಿಯಾಕ ಬಂದಿಯೇನಲೇ?"

"ಹೌದ್ರಿ, ಹರಿಯಾಕ ಬಂದೇನಿ. ನಿಮಗ ಎಲ್ಲಿಗಿ ಹರೀಲಿ ಹೇಳ್ರಿ" ಎಂದೆ. ಅವರು ಶಿಗ್ಗಾಂವಿ ಅಂದರು. ಹರಿದುಕೊಟ್ಟೆ.

ನನಗೆ ಮೊದಲ ಪಾಠ ಹೇಳಿದವರು ಡ್ರೈವರ್ ಖಾದರ್‌ಸಾಬರು. ಸವಣೂರಿನವರೇ. ಐವತ್ತು ದಾಟಿದ ಎತ್ತರದ ಆಳು, ಕೊರಳಲ್ಲಿ ಯಾವಾಗಲೂ ಒಂದು ಟವೆಲು. ಮೊದಲ ದಿನ ಸ್ಟೇರಿಂಗ್ ಮುಂದೆ ಕುಳಿತು, ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ಬಿ.ಎ. ಸಾಹೇಬ್ರ, ನೀವು ಎಷ್ಟ್ ಇಂಗ್ಲೀಷ್ ಕಲ್ತೀರಿ ನನಗ ಗೊತ್ತಿಲ್ಲ. ಈ ಗಾಡ್ಯಾಗ ಎರಡ ಶಬ್ದ ನಡೀತಾವು. ಹೋಲ್ಡಾನ್, ರೈಟ್. ಉಳದದ್ದು ಮನ್ಯಾಗ ಇಟ್ಟ ಬರ್ರಿ."

ಹೋಲ್ಡಾನ್ ಅಂದರೆ ನಿಲ್ಲಿಸು. ಅದರಲ್ಲಿ ತಕರಾರಿಲ್ಲ. ರೈಟ್ ಮಾತ್ರ ಒಂದೇ ಶಬ್ದವಾದರೂ ಅದರ ಕೆಲಸಗಳು ಹಲವು. ಒಂದು ಸಲ ಗಟ್ಟಿಯಾಗಿ ಅಂದರೆ ಹೊರಡು. ಎರಡು ಸಲ ಬಿಗಿಯಾಗಿ ಅಂದರೆ ಮುಂದೆ ದಾರಿಯಲ್ಲಿ ಕೈ ಅಡ್ಡ ಮಾಡಿದವರಿಗೆ ನಿಲ್ಲಬೇಡ, ಜಾಗವಿಲ್ಲ. ಉದ್ದಕ್ಕೆ ಎಳೆದು ಅಂದರೆ ಎತ್ತಿನ ಗಾಡಿಯ ಪಕ್ಕ ಸಂದಿಯಿದೆ, ಹಗುರ ಹೋಗು. ಚೆಕಿಂಗ್ ಸಾಹೇಬರು ನನ್ನ ಹಾಳೆಯ ಮೇಲೆ ಕೆಂಪು ಪೆನ್ಸಿಲಿನಿಂದ ಎಳೆಯುತ್ತಿದ್ದ ಗೀಟೂ ರೈಟೇ. ಸವಣೂರಿನ ಖಾರದ ಅಂಗಡಿಯವನು ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಕೂಡಲೇ "ರೈಟ್!" ಎಂದು ಪೊಟ್ಟಣ ಕಟ್ಟುತ್ತಿದ್ದ. ಹಿರೇಕೆರೂರಿಗೆ ಹೆಣ್ಣು ನೋಡಲು ಹೋಗಿ ಬಂದವರು "ಎರಡೂ ಕಡೆ ರೈಟ್ ಆತ್ರಿ" ಅನ್ನುತ್ತಿದ್ದರು. ಒಂದು ದಿನ ಹಂಸಭಾವಿಯಲ್ಲಿ ಹತ್ತಿದ ರೈತರೊಬ್ಬರು ಪಕ್ಕದವರಿಗೆ "ನಮ್ಮ ಕಾಕಾ ನಿನ್ನಿ ರೈಟ್ ಅಂದ್ನೋ ಮಾರಾಯಾ" ಎಂದು ಕಣ್ಣೊರೆಸಿಕೊಂಡರು. ಯಾರೂ ನಗಲಿಲ್ಲ. ಆ ಶಬ್ದಕ್ಕೆ ಸಾವಿನ ಭಾರವನ್ನೂ ಹೊರುವ ಶಕ್ತಿಯಿತ್ತು.

ನನ್ನ ಮೊದಲ ಫಜೀತಿ ರಟ್ಟೀಹಳ್ಳಿಯಲ್ಲಿ ಆಯಿತು. ಚಹಾದಂಗಡಿ ಎದುರು ಗಾಡಿ ಹಿಂದಕ್ಕೆ ತೆಗೆಯಬೇಕಿತ್ತು. ನಾನು ಇಳಿದು ಹಿಂದೆ ನಿಂತು, ಸ್ಟೇರಿಂಗ್ ಬಲಕ್ಕೆ ತಿರುಗಿಸಲಿ ಎಂದು "ರೈಟ್, ರೈಟ್" ಎಂದು ಕೂಗಿದೆ. ಖಾದರ್‌ಸಾಬರು ಮೊದಲ ಗೇರು ಹಾಕಿದವರೇ ಮುಂದಕ್ಕೆ ಹೊರಟೇಬಿಟ್ಟರು. ಚೀಲ ಬಗಲಲ್ಲಿಟ್ಟುಕೊಂಡು ಊರ ಹೊರಗಿನವರೆಗೆ ಓಡಿದೆ. ಕಿಟಕಿಗಳ ತುಂಬ ಹಲ್ಲುಗಳು.

"ಯಾಕ ಬಿಟ್ಟು ಬಂದ್ರಿ?" ಎಂದು ಏದುಸಿರಿನಲ್ಲಿ ಕೇಳಿದೆ.

"ಎರಡ ಸಲ ರೈಟ್ ಅಂದ್ರಿ, ನಾ ಬಂದೆ."

"ನಾ ಬಲಕ್ಕ ಅಂದೆನ್ರಿ!"

"ಬಲಕ್ಕ ಅನ್ನಾಕ ಕನ್ನಡದಾಗ ಶಬ್ದ ಸಿಗಲಿಲ್ಲೇನ್ರಿ? ಬಿ.ಎ. ಆದವ್ರು ನೀವು."

ಆವತ್ತು ಅವರು ಹೇಳಿದ ಇನ್ನೊಂದು ಮಾತನ್ನು ನಾನು ನಗೆಯಲ್ಲಿ ತೇಲಿಸಿಬಿಟ್ಟೆ. "ನನಗ ಹಿಂದಿಂದು ಏನೂ ಕಾಣಂಗಿಲ್ಲ. ಎಡಗಡೆ ಕನ್ನಡಿ ಮುಂದ ಮಂದಿ ಜೋತಬಿದ್ದಿರ್ತಾರ. ನಿಮ್ಮ ಬಾಯಿನ ನನ್ನ ಕಣ್ಣು. ನೀವು ಅಂದ್ರಿ ಅಂದ್ರ ನಾ ಬಿಡಾವ."

ಆ ವರ್ಷಗಳಲ್ಲಿ ಗೇಣಿದಾರರ ಹೊಲದ ಖಟ್ಲೆಗಳು ತಾಲೂಕು ಕಚೇರಿಗಳಲ್ಲಿ ನಡೆಯುತ್ತಿದ್ದವು. ವಿಚಾರಣೆಯ ದಿನ ಗಾಡಿಯ ತುಂಬ ಅವರೇ. ಪ್ರತಿಯೊಬ್ಬರ ಬಗಲಲ್ಲೂ ಒಂದು ಬಟ್ಟೆಯ ಚೀಲ, ಅದರೊಳಗೆ ಹೊಲದ ದಾಖಲೆಯ ಉತಾರ. ನಾನು ಓದಿದವನೆಂದು ತಿಳಿದು ಟಿಕೆಟ್ಟಿನ ಜೊತೆ ಕಾಗದವನ್ನೂ ಮುಂದೆ ಹಿಡಿಯುತ್ತಿದ್ದರು. ಬಸಪ್ಪ ಎಂಬ ಒಬ್ಬ ಗೇಣಿದಾರನಿದ್ದ. ಬಂಕಾಪುರದಲ್ಲಿ ಹತ್ತುತ್ತಿದ್ದ, ಊರು ಮಾತ್ರ ಹಾನಗಲ್ಲ ತಾಲೂಕಿಗೆ ಸೇರಿದ್ದು. ತಂದೆಯ ಕಾಲದಿಂದ ಉತ್ತ ಹೊಲ ತನ್ನ ಹೆಸರಿಗೆ ಆಗಬೇಕೆಂದು ಹಾನಗಲ್ಲಿಗೆ ಅಲೆಯುತ್ತಿದ್ದ.

"ಇದರಾಗ ನಂದು ರೈಟ್ ಐತೇನ್ರಿ?" ಎಂದು ಕಾಗದ ತೋರಿಸಿ ಕೇಳಿದ. ಹಕ್ಕು ಎಂಬುದಕ್ಕೆ ವಕೀಲರ ಕಡೆಯವರಿಂದ ಕಲಿತ ಮಾತು.

ಕಾಗದ ನೋಡಿದೆ. ಸಾಗುವಳಿ ಮಾಡುವವರ ಕಾಲಮಿನಲ್ಲಿ ಅವನ ಅಪ್ಪನ ಹೆಸರಿತ್ತು. "ಐತಿ. ಬಿಡಬ್ಯಾಡ" ಎಂದೆ.

ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಚೀಲಕ್ಕೆ ಹಾಕಿ, ಚೀಲವನ್ನು ಅಂಗಿಯೊಳಗೆ ಹಾಕಿದ. ನಾನು ದಿನಕ್ಕೆ ನೂರು ಸಲ ಗಾಳಿಗೆ ಬಿಡುತ್ತಿದ್ದ ಶಬ್ದವನ್ನು ಒಬ್ಬ ಮನುಷ್ಯ ಎದೆಯ ಮೇಲೆ ಇಟ್ಟುಕೊಂಡು ಓಡಾಡುವುದನ್ನು ಆವತ್ತು ಕಂಡೆ. ಆದರೂ ನನಗೆ ಬುದ್ಧಿ ಬರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಗಾಡಿಯಲ್ಲಿ ಕೂಡುವ ಜಾಗದ ಎರಡರಷ್ಟು ಮಂದಿ ತುಂಬುತ್ತಿದ್ದರು. ನಾನು ಮುಂದಿನ ಸೀಟುಗಳ ಹತ್ತಿರ ಟಿಕೆಟ್ ಹರಿಯುತ್ತ ಸಿಕ್ಕಿಕೊಂಡರೆ, ಪ್ರತಿ ನಿಲ್ದಾಣಕ್ಕೂ ಹಿಂದಿನ ಬಾಗಿಲಿಗೆ ಹೋಗಿ ಬರುವುದು ಅಂದರೆ ಕಬ್ಬಿನ ಗಾಣದಲ್ಲಿ ಹೊಕ್ಕು ಬಂದಂತೆ. ಅದಕ್ಕೆ ಒಂದು ಪದ್ಧತಿ ಇಟ್ಟುಕೊಂಡೆ. ಬಾಗಿಲಲ್ಲಿ ನಿಂತವರಿಗೆ "ಮಂದಿ ಇಳದು ಹತ್ತಿದ ಮ್ಯಾಲ ನೀವ ರೈಟ್ ಅನ್ರಿ" ಎಂದು ಹೇಳಿಬಿಡುತ್ತಿದ್ದೆ. ಅವರು ಅನ್ನುತ್ತಿದ್ದರು. ನಡುವಿನವರು ಅದನ್ನು ಮುಂದಕ್ಕೆ ದಾಟಿಸುತ್ತಿದ್ದರು. ಬಾಯಿಂದ ಬಾಯಿಗೆ ಹೋಗಿ ಖಾದರ್‌ಸಾಬರ ಕಿವಿ ಮುಟ್ಟುತ್ತಿತ್ತು. ಜನರಿಗೂ ಅದು ಖುಷಿ. ಸರ್ಕಾರಿ ಗಾಡಿಯನ್ನು ತಮ್ಮ ಬಾಯಿಂದ ಹೊರಡಿಸುವುದೆಂದರೆ ಯಾರಿಗೆ ಬೇಡ! ಕೆಲವರು ಅದಕ್ಕೆಂದೇ ಸೀಟು ಬಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಖಾದರ್‌ಸಾಬರು ಒಂದೆರಡು ಸಲ ಅಂದರು: "ಇದು ನಿಮ್ಮ ದನಿ ಅಲ್ಲಲ್ಲರಿ."

"ನಾನ ಹೇಳಿರ್ತೇನಿ, ಬಿಡ್ರಿ ನೀವು" ಎಂದೆ. ಬಿಡತೊಡಗಿದರು.

ನಮ್ಮ ಗಾಡಿ ಸರಿಯಾದ ಹೊತ್ತಿಗೆ ಊರು ಮುಟ್ಟತೊಡಗಿತು. ಡಿಪೋ ಮ್ಯಾನೇಜರರು ಕರೆದು "ನಿಮ್ಮ ಟೈಮಿಂಗ್ ಭಾರಿ ಐತ್ರಿ, ಓದಿದವ್ರು ಬಂದ್ರ ಹಿಂಗ ನೋಡ್ರಿ" ಎಂದು ಬೆನ್ನು ತಟ್ಟಿದರು. ನಾನು ಉಬ್ಬಿದೆ. ಪದವಿಯ ಬುದ್ಧಿಯಿಂದಲೇ ಈ ಉಪಾಯ ಹೊಳೆದದ್ದು ಅಂದುಕೊಂಡೆ.

ಬಂಕಾಪುರದ ಸಂತೆಯ ದಿನ ಅದು. ಸವಣೂರಿನಿಂದ ಹಾನಗಲ್ಲಿಗೆ ಹೊರಟ ಬೆಳಗಿನ ಗಾಡಿ. ಎಲೆ ಮಾರುವ ಮುದುಕಿ ಗಂಗವ್ವ ದಿನದಂತೆ ಹಿಂದಿನ ಬಾಗಿಲ ಹತ್ತಿರ ಬುಟ್ಟಿ ಇಟ್ಟುಕೊಂಡು ಬಂದಿದ್ದಳು. ಬಂಕಾಪುರದಲ್ಲಿ ಅವಳು ಇಳಿದಳು. ಇಳಿದ ಮೇಲೆ ತಿರುಗಿ ಮೆಟ್ಟಿಲ ಮೇಲಿದ್ದ ಬುಟ್ಟಿಯನ್ನು ಎಳೆದುಕೊಳ್ಳುವುದು ಅವಳ ಪದ್ಧತಿ. ಅಷ್ಟರಲ್ಲಿ ಹತ್ತುವವರು ನುಗ್ಗಿದರು. ಅವರಲ್ಲಿ ಬಸಪ್ಪನೂ ಇದ್ದ. ಆವತ್ತು ಹಾನಗಲ್ಲಿನಲ್ಲಿ ಅವನ ಖಟ್ಲೆ ಕೂಗುವ ದಿನ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಜನರ ನಡುವೆ ಹೊರಗಿನದು ಕಾಣದೆ, ಹೊತ್ತಾಯಿತೆಂಬ ಅವಸರದಲ್ಲಿ "ರೈಟ್" ಎಂದ. ಅದು ದಾಟಿಕೊಂಡು ಮುಂದೆ ಹೋಯಿತು. ನಾನು ಎರಡನೇ ಸೀಟಿನ ಹತ್ತಿರ ಟಿಕೆಟ್ ಹರಿಯುತ್ತಿದ್ದೆ. ತಲೆ ಕೂಡ ಎತ್ತಲಿಲ್ಲ.

ಗಾಡಿ ಹೊರಟಿತು. ಗಂಗವ್ವ ಬುಟ್ಟಿಯ ಕಿವಿ ಬಿಡಲಿಲ್ಲ. ನಾಲ್ಕು ಹೆಜ್ಜೆ ಜೊತೆಗೆ ಓಡಿ ಬಿದ್ದಳು. ಹೆಣ್ಣುಮಕ್ಕಳ ಚೀರಾಟಕ್ಕೆ ಖಾದರ್‌ಸಾಬರು ಬ್ರೇಕು ತುಳಿದರು. ಅವರು ತುಳಿದ ರೀತಿಗೆ ಗಾಲಿ ಅವಳ ಬಲಪಾದದ ಮೇಲೆ ಹತ್ತಿ ಅಲ್ಲಿಗೇ ನಿಂತಿತು. ಇನ್ನೊಂದು ಗಳಿಗೆ ಹೋಗಿದ್ದರೆ ಈ ಬರಹ ಬೇರೆಯಾಗುತ್ತಿತ್ತು.

ಅವಳನ್ನು ಅದೇ ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿ ಶಿಗ್ಗಾಂವಿಯ ದವಾಖಾನೆಗೆ ಒಯ್ದೆವು. ಎಷ್ಟೋ ಜನ ಇಳಿದು ಹೋದರು. ಬಸಪ್ಪ ಇಳಿಯಲಿಲ್ಲ. ಎಲೆಯ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ದವಾಖಾನೆಯ ಜಗಲಿಯ ಮೇಲೆ ನನ್ನ ಪಕ್ಕ ಬಂದು ನಿಂತ.

"ನಾನ ಅಂದೆನ್ರಿ. ನನ್ನ ಹೆಸರ ಬರ್ಕೋರಿ."

"ನಿನ್ನ ಖಟ್ಲೆ?"

"ಇವತ್ತಿಂದು ಹೋತು, ಬಿಡ್ರಿ."

ನಾನು ಅವನ ಹೆಸರು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಬಾರದೆಂಬ ದೊಡ್ಡ ವಿಚಾರದಿಂದಲ್ಲ. ದವಾಖಾನೆಯ ಹಾಳೆಗೆ ಸಹಿ ಬೇಕೆಂದು ಒಳಗಿನಿಂದ ಕರೆದರು, ಹೋದೆ.

ಡಿಪೋದಲ್ಲಿ ವಿಚಾರಣೆ ಶುರುವಾಯಿತು. ನಿಯಮ ಒಂದೇ ಸಾಲಿನದು: ಕಂಡಕ್ಟರನ ಸಂಜ್ಞೆ ಇಲ್ಲದೆ ಡ್ರೈವರ್ ಗಾಡಿ ಬಿಡಕೂಡದು. ಬಿಟ್ಟರೆ ನೌಕರಿಯಿಂದ ವಜಾ. ಖಾದರ್‌ಸಾಬರ ಸರ್ವೀಸು ಮುಗಿಯಲು ಎರಡು ವರ್ಷ ಉಳಿದಿತ್ತು. ವಜಾ ಆದರೆ ಮುಪ್ಪಿನಲ್ಲಿ ಕೈಗೆ ಏನೂ ಬರುತ್ತಿರಲಿಲ್ಲ. ನನ್ನ ನೌಕರಿಯಿನ್ನೂ ಖಾಯಂ ಆಗಿರಲಿಲ್ಲ.

ಮ್ಯಾನೇಜರರು ಬಾಗಿಲು ಮುಂದೆ ಮಾಡಿ, ನನ್ನನ್ನು ಕೂಡಿಸಿ ಹೇಳಿದರು: "ನೀವು ಬರೀಬೇಕಾದ್ದು ಒಂದ ಸಾಲು. ನಾನು ರೈಟ್ ಹೇಳಿರಲಿಲ್ಲ ಅಂತ. ಸುಳ್ಳೇನೂ ಅಲ್ಲ. ನೀವು ಹೇಳಿರಲಿಲ್ಲ, ಹೌದಿಲ್ರಿ?"

"ಹೌದ್ರಿ, ಹೇಳಿರಲಿಲ್ಲ."

"ಮತ್ತ? ಇಂಗ್ಲೀಷಿನಾಗ ಬರೀರಿ, ಮ್ಯಾಲಿನವ್ರು ಓದ್ತಾರ. ನಿಮಗ ಮುಂದ ಭವಿಷ್ಯ ಐತಿ. ಆತ ಹೆಂಗೂ ಎರಡ ವರ್ಷದಾಗ ಮನೀಗೆ ಹೋಗಾವ."

ಖರೆ ಹೇಳುತ್ತೇನೆ, ಎರಡು ದಿನ ಆ ಸಾಲನ್ನೇ ಬರೆಯುವವನಿದ್ದೆ. ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಕೂಡ ತಯಾರಾಗಿತ್ತು. ಬಡವನಿಗೆ ಸಿಕ್ಕ ನೌಕರಿ, ಮನೆಯಲ್ಲಿ ನಾನೊಬ್ಬನೇ ಪಗಾರ ತರುವವನು ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಆ ಎರಡು ದಿನ ಖಾದರ್‌ಸಾಬರು ಡಿಪೋದ ಬೇವಿನ ಗಿಡದ ಕೆಳಗೆ ಕುಳಿತಿರುತ್ತಿದ್ದರು. ಒಂದು ಸಲ ಮಾತ್ರ "ಆ ಮುದುಕಿ ಪಾದ ಹೆಂಗೈತ್ರಿ?" ಎಂದು ಕೇಳಿದರು.

ಮೂರನೇ ದಿನ ಮನೆಗೆ ಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಹಂಗಾರ ಆ ಸಾಬ ನಿನ್ನ ಮಾತ ಕೇಳೇ ಬಿಟ್ಟಾನ ಗಾಡಿ?"

"ಹೂಂ. ನಾನ ಹೇಳಿದ್ದೆ, ಹಿಂದಿನವ್ರು ಅಂದ್ರ ಬಿಡ್ರಿ ಅಂತ."

"ಅದನ್ನ ಬರದೀಯೇನು?"

"ಇಲ್ಲ."

"ಮತ್ತ ಯಾತಕ್ಕ ಬರ್ಯಾಕ ಕಲ್ತಿ?" ಎಂದಳು, ಕೈ ನಿಲ್ಲಿಸದೆ. ಸಿಟ್ಟಿನಲ್ಲಿ ಅಲ್ಲ. ಉಪ್ಪು ಹಾಕಿದೆಯೋ ಇಲ್ಲವೋ ಎಂದು ಕೇಳುವ ಹಾಗೆ.

ಮರುದಿನ ಬರೆದೆ. ಕನ್ನಡದಲ್ಲೇ ಬರೆದೆ, ಖಾದರ್‌ಸಾಬರಿಗೆ ಓದಿ ಹೇಳಿದರೆ ತಿಳಿಯಬೇಕು ಎಂದು. "ಹಿಂದಿನ ಬಾಗಿಲಿನಿಂದ ಪ್ರಯಾಣಿಕರು ರೈಟ್ ಹೇಳುವ ಪದ್ಧತಿಯನ್ನು ನಾನೇ ಇಟ್ಟುಕೊಂಡಿದ್ದೆ. ಡ್ರೈವರರು ಅದರ ಬಗ್ಗೆ ನನ್ನನ್ನು ಎಚ್ಚರಿಸಿದ್ದರು. ಗಾಡಿ ಬಿಡಿರೆಂದು ನಾನೇ ಹೇಳಿದ್ದೆ. ಆ ದಿನ ಕೇಳಿಬಂದದ್ದನ್ನು ಅವರು ನನ್ನ ಸಂಜ್ಞೆ ಎಂದೇ ತಿಳಿದು ಗಾಡಿ ಬಿಟ್ಟರು. ಹಾಗೆ ತಿಳಿಯುವಂತೆ ಮಾಡಿದವನು ನಾನು."

ಮ್ಯಾನೇಜರರು ಓದಿ, ಕನ್ನಡಕ ತೆಗೆದರು. "ಅಂದಾವ ಯಾರು ಅನ್ನೋದರ ಬರೀರಿ. ತಪ್ಪು ಆತನ ಮ್ಯಾಲ ಹೋಗ್ಲಿ."

"ಬಾಗಿಲಾಗ ನಿಂತವ್ರು ಯಾರರ ಇರ್ಲಿ ಸಾಹೇಬ್ರ, ಅನ್ರಿ ಅಂತ ಹೇಳಿದವ ನಾನ."

"ನೌಕರಿ ಹೋಗ್ತೈತಿ, ತಿಳೀತಿಲ್ಲೋ?"

"ತಿಳದ ಬರದೇನ್ರಿ."

ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಗಾಡಿ ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಹೇಗೆ ಮುಟ್ಟಿತೆಂದು ಅವರೂ ಕೇಳಲಿಲ್ಲ, ಅವರ ಮೇಲಿನವರೂ ಕೇಳಲಿಲ್ಲ.

ನನ್ನ ನೌಕರಿ ಹೋಗಲಿಲ್ಲ. ನಾಲ್ಕು ತಿಂಗಳು ಸಸ್ಪೆಂಡ್ ಆದೆ. ಖಾಯಂ ಆಗುವುದು ಎರಡು ವರ್ಷ ಮುಂದಕ್ಕೆ ಹೋಯಿತು. ಖಾದರ್‌ಸಾಬರಿಗೆ ಎಚ್ಚರಿಕೆಯ ಪತ್ರ ಕೊಟ್ಟು ಮತ್ತೆ ಗಾಡಿ ಕೊಟ್ಟರು. ಸಸ್ಪೆಂಡಿನ ದಿನಗಳಲ್ಲಿ ಅಪ್ಪನ ಜೊತೆ ತೋಟಕ್ಕೆ ಹೋಗಿ ಬಳ್ಳಿ ಕಟ್ಟಿದೆ. ತೋಟದ ಮಾಲಕ "ಬಿ.ಎ. ಕೈಲೆ ಕಟ್ಟಿದ ಬಳ್ಳಿ, ಎಲಿ ಇಂಗ್ಲೀಷ್ ಮಾತಾಡ್ತಾವೇನೋ" ಎಂದು ನಕ್ಕ. ನಾನು ತಲೆ ಬಗ್ಗಿಸಲಿಲ್ಲ. ಒಂದು ಸಂಜೆ ಖಾದರ್‌ಸಾಬರು ಬದುವಿನ ಮೇಲೆ ಬಂದು ಕುಳಿತರು.

"ಯಾಕ ಹಂಗ ಬರದ್ರಿ? ಹೊಸಾ ನೌಕರಿ ನಿಮ್ಮದು."

"ಖರೇ ಇದ್ದದ್ದು ಬರದೇನ್ರಿ."

"ಖರೇ ಬರದ್ರ ಪಗಾರ ಕೊಡ್ತಾರೇನು?" ಎಂದು ನಕ್ಕರು. ನಗುತ್ತಲೇ ಟವೆಲಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ಬಸಪ್ಪನ ಖಟ್ಲೆಗೆ ಬೇರೆ ತಾರೀಖು ಬಿತ್ತು. ಹೊಲ ಕೊನೆಗೆ ಅವನ ಹೆಸರಿಗೆ ಆಯಿತು.

ಕೆಲಸಕ್ಕೆ ಮರಳಿದ ಮೇಲೆ ನಾನು ಆ ಶಬ್ದವನ್ನು ಯಾರ ಬಾಯಿಗೂ ಕೊಡಲಿಲ್ಲ. ಪ್ರತಿ ನಿಲ್ದಾಣದಲ್ಲೂ ನುಗ್ಗಿಕೊಂಡು ಹಿಂದಿನ ಬಾಗಿಲಿಗೆ ಹೋದೆ, ಕೆಳಗೆ ಇಳಿದೆ, ಗಾಲಿಯ ಕಡೆ ನೋಡಿದೆ, ಆಮೇಲೆ ಅಂದೆ. ಬೇರೆಯವರು ಅಂದರೆ ಖಾದರ್‌ಸಾಬರು ಎಂಜಿನ್ ಬಂದ್ ಮಾಡಿ ಬೀಡಿ ಹಚ್ಚುತ್ತಿದ್ದರು. ಗಾಡಿ ತಡವಾಗತೊಡಗಿತು. "ಈ ಬಿ.ಎ. ಗಾಡಿ ಹತ್ತಿದ್ರ ಲಗ್ನಕ್ಕ ಹೊಂಟಾವ ತೊಟ್ಟಲಕ್ಕ ಮುಟ್ಟತಾನ" ಎಂದು ಜನ ಬೈದರು. ಡಿಪೋದಿಂದ ತಿಂಗಳಿಗೊಂದು ಮೆಮೊ ಬಂತು. ಪ್ರತಿಯೊಂದಕ್ಕೂ ಉತ್ತರ ಬರೆದೆ. ಬರೆಯುವುದಕ್ಕೆ ನನಗೆ ಬೇಸರವಿರಲಿಲ್ಲ.

ಅರ್ಧ ವರ್ಷವಾದ ಮೇಲೆ ಗಂಗವ್ವ ಮತ್ತೆ ಗಾಡಿಗೆ ಬಂದಳು. ಪಾದ ಒಳಕ್ಕೆ ತಿರುಗಿತ್ತು. ನಾನು ಬುಟ್ಟಿಗೆ ಕೈ ಹಾಕಿದೆ. ಅವಳು ಕೊಡಲಿಲ್ಲ.

"ಅವತ್ತ ನಿನ್ನ ಬಾಯಿ ಎಲ್ಲಿತ್ತೋ?"

"ಮುಂದ ಇತ್ತಬೇ."

"ಇನ್ನ ಮ್ಯಾಲ ಹಿಂದ ಇರ್ಲಿ" ಎಂದಳು. ಆಮೇಲೆ ಬುಟ್ಟಿ ಕೊಟ್ಟಳು. ನನಗೆ ಸಿಕ್ಕ ಶಿಕ್ಷೆಗಳಲ್ಲಿ ಅದೇ ದೊಡ್ಡದು. ಅವಳ ನಡಿಗೆ ಮಾತ್ರ ಕಡೆಯವರೆಗೂ ನೆಟ್ಟಗಾಗಲಿಲ್ಲ. ನಾನು ಏನು ಬರೆದುಕೊಟ್ಟರೂ ಅದು ಸರಿಯಾಗುವಂತಿರಲಿಲ್ಲ.

ಎಂಬತ್ತರ ದಶಕದಲ್ಲಿ ಗಾಡಿಗಳಿಗೆ ಗಂಟೆಯ ಹಗ್ಗ ಬಂತು, ಸೀಟಿ ಬಂತು. ಇನ್ನು ಬಾಯಿಯ ತಂಟೆ ಇಲ್ಲವೆಂದು ಹೊಸಬರು ಹಿಗ್ಗಿದರು. ವಾರದೊಳಗೆ ಪ್ರಯಾಣಿಕರು ಹಗ್ಗವನ್ನೂ ತಾವೇ ಜಗ್ಗತೊಡಗಿದರು. ಈಗ ಗುಂಡಿ ಒತ್ತಿದರೆ ಬಾಗಿಲು ಮುಚ್ಚುವ ಗಾಡಿಗಳಿವೆ. ಗುಂಡಿ ಒತ್ತುವ ಮೊದಲು ನೀವೇ ಹೋಗಿ ನೋಡಿರಿ. ಕನ್ನಡಿಯಲ್ಲಿ ಕಂಡರೂ ಹೋಗಿ ನೋಡಿರಿ.

ಖಾದರ್‌ಸಾಬರ ಸರ್ವೀಸಿನ ಕಡೆಯ ದಿನವನ್ನು ಹೇಳಿ ಮುಗಿಸುತ್ತೇನೆ. ಬೆಳಗಿನ ಟ್ರಿಪ್ಪು ಮುಗಿಸಿ ಡಿಪೋದಲ್ಲಿ ಗಾಡಿ ಒಪ್ಪಿಸಿದರು. ನಾಲ್ಕು ಜನ ಹಾರ ಹಾಕಿದರು. ಮನೆಗೆ ಸವಣೂರಿಗೆ ಹೋಗಲು ಹಾನಗಲ್ಲ ಸ್ಟ್ಯಾಂಡಿಗೆ ಬಂದಾಗ ಮಧ್ಯಾಹ್ನದ ಗಾಡಿ ನನ್ನದೇ ಇತ್ತು, ಹೊಸ ಡ್ರೈವರನ ಜೊತೆ. ಗಾಡಿ ತುಂಬಿತ್ತು. ಮೂವತ್ತು ವರ್ಷಗಳಿಂದ ಮುಂಭಾಗದ ಡ್ರೈವರನ ಸಣ್ಣ ಬಾಗಿಲಿನಿಂದ ಹತ್ತಿದವರು ಮೊದಲ ಸಲ ಪ್ರಯಾಣಿಕನಾಗಿ ಹಿಂದಿನ ಬಾಗಿಲಿಗೆ ಬಂದರು. ಕ್ಲಚ್ ತುಳಿದು ತುಳಿದು ಎಡಮೊಣಕಾಲು ಸವೆದಿತ್ತು. ಕೈಯಲ್ಲಿ ಟ್ರಂಕು, ನೀರಿನ ಡಬ್ಬಿ, ಕೊರಳಲ್ಲಿ ಹಾರ. ಮೆಟ್ಟಿಲ ಮೇಲೆ ಕಾಲು ಏರಲೇ ಇಲ್ಲ.

ಹೊಸ ಡ್ರೈವರ್ ಎಕ್ಸಿಲೇಟರ್ ಒತ್ತಿ ಗುರುಗುಟ್ಟಿಸಿದ. ಒಳಗಿನಿಂದ ಯಾರೋ ಕೂಗಿದರು: "ಏ ಕಂಡಕ್ಟರ್, ಲಗೂ ಅನ್ರಿ, ಹೊತ್ತಾತು!"

ಖಾದರ್‌ಸಾಬರು ನಾಚಿಕೊಂಡರು. "ನೀವು ಅನ್ರಿ ಸಾಹೇಬ್ರ. ನಾ ಹಿಂದಿನ ಗಾಡಿಗಿ ಬರ್ತೇನಿ."

"ಹತ್ತರಿ. ಗಾಡಿ ನಿಂತೈತಿ" ಎಂದೆ.

ಟ್ರಂಕು ಇಸಿದುಕೊಂಡು ಒಳಗಿಟ್ಟೆ. ಅವರು ಕಂಬಿ ಹಿಡಿದು, ಬಲಗಾಲು ಏರಿಸಿ, ತಡೆದು, ಎಡಗಾಲು ಎಳೆದುಕೊಂಡು ಮೇಲೆ ಬಂದರು. ಯಾರೋ ಸೀಟು ಬಿಟ್ಟರು. ಅವರು ಕುಳಿತು ಹಾರವನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ ಮೇಲೆ ಅಂದೆ.

ನಾಲ್ಕು ನಿಮಿಷ ತಡವಾಗಿತ್ತು. ಹಾಳೆಯಲ್ಲಿ ತಡಕ್ಕೆ ಕಾರಣ ಬರೆಯುವ ಕಾಲಮಿನಲ್ಲಿ ಬರೆದೆ: ಪ್ರಯಾಣಿಕರೊಬ್ಬರು ಹತ್ತುತ್ತಿದ್ದರು.